ಚಾರ್ಟು ಹಸಿರಾಗಿಯೇ ಇತ್ತು

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ ನಾನು ಬಂಟ್ವಾಳದಲ್ಲಿದ್ದೆ. ಹುದ್ದೆಯ ಹೆಸರು ಡಯಾಬಿಟಿಸ್ ಎಜುಕೇಟರ್. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಚುಚ್ಚಿಕೊಳ್ಳುವುದು ಹೇಗೆ, ಏನು ತಿನ್ನಬೇಕು, ಯಾವಾಗ ಹೆದರಬೇಕು, ಯಾವಾಗ ಹೆದರಬಾರದು ಎಂದು ಹೇಳಿಕೊಡುವ ನರ್ಸ್ ಅಂದರೆ ಸರಿಹೋಗುತ್ತದೆ. ವಾರ್ಡು, ಕ್ಲಿನಿಕ್ ಎಲ್ಲ ಸೇರಿ ಆಗಲೇ ಇಪ್ಪತ್ತೆಂಟು ವರ್ಷ ದುಡಿದಿದ್ದೆ. ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಅಲ್ಲಿ ಈಗಲೂ ಒಳ್ಳೆಯ ಕೆಲಸ ನಡೆಯುತ್ತಿದೆ. ಸೋಮವಾರ ಬಂಟ್ವಾಳ, ಬುಧವಾರ ಬೆಳ್ತಂಗಡಿ, ಶುಕ್ರವಾರ ಮೂಡುಬಿದಿರೆ, ಹೀಗೆ ಮೂರು ಕಡೆ ನಮ್ಮ ಕ್ಲಿನಿಕ್. ಮೂರು ಕಡೆಯೂ ನಾನು ಎಲ್ಲರಿಗೆ ‘ಸಿಸ್ಟರ್’. ಬೈಯುವುದರಲ್ಲಿ ನನಗೆ ಹೆಸರಿತ್ತು. ಯಾರ ಮೇಲೆ ಪ್ರೀತಿ ಜಾಸ್ತಿಯೋ ಅವರಿಗೆ ಬೈಗುಳವೂ ಜಾಸ್ತಿ. ಅದನ್ನು ನನ್ನ ದೊಡ್ಡ ಗುಣವೆಂದೇ ತಿಳಿದುಕೊಂಡಿದ್ದೆ.

ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ನಡುವಯಸ್ಸಿನವರು. ಆದರೆ ಟೈಪ್ ಒನ್ ಎಂಬ ಇನ್ನೊಂದು ಬಗೆಯ ಮಧುಮೇಹವಿದೆ. ಅದು ಮಕ್ಕಳಿಗೆ, ಹರೆಯದವರಿಗೆ ಬರುತ್ತದೆ. ಹೆಚ್ಚು ಸಿಹಿ ತಿಂದು ಬರುವುದಲ್ಲ, ಯಾರ ತಪ್ಪಿನಿಂದಲೂ ಬರುವುದಲ್ಲ. ದೇಹ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿಬಿಡುತ್ತದೆ. ಆಮೇಲೆ ಬದುಕಿರುವಷ್ಟು ಕಾಲ ಹೊರಗಿನಿಂದ ಚುಚ್ಚಿಕೊಳ್ಳಬೇಕು, ಪ್ರತಿ ಊಟಕ್ಕೆ ಮೊದಲು ಒಂದು, ಮಲಗುವಾಗ ಇನ್ನೊಂದು. ಚುಚ್ಚುವ ಮೊದಲು ಗ್ಲೂಕೋಮೀಟರ್ ಎಂಬ ಪುಟ್ಟ ಮಿಷನಿನಲ್ಲಿ ಬೆರಳಿನ ರಕ್ತದಲ್ಲಿ ಸಕ್ಕರೆ ಎಷ್ಟಿದೆ ನೋಡಬೇಕು. ಎಪ್ಪತ್ತಕ್ಕಿಂತ ಕೆಳಗಿಳಿದರೆ ಬೆವರು, ನಡುಕ, ತಲೆಸುತ್ತು. ವಿಪರೀತ ಏರಿ ಅಲ್ಲೇ ನಿಂತರೆ ಮೈ ಸೊರಗುತ್ತದೆ, ರಕ್ತ ಆಮ್ಲವಾಗುತ್ತದೆ, ವಾಂತಿ ಶುರುವಾಗುತ್ತದೆ, ಜೀವಕ್ಕೇ ಕುತ್ತು ಬರುತ್ತದೆ. ಇಪ್ಪತ್ತು ವರ್ಷದ ಹುಡುಗನೊಬ್ಬ ಇದನ್ನೆಲ್ಲ ದಿನಕ್ಕೆ ನಾಲ್ಕು ಸಲ ನೆನಪಿಟ್ಟುಕೊಳ್ಳಬೇಕು, ರಜೆ ಎಂಬುದಿಲ್ಲದೆ.

ಅಂಥವರಿಗಾಗಿ ಒಂದು ಮೊಬೈಲ್ ಆ್ಯಪ್ ಮಾಡಿಸಲು ಸಂಸ್ಥೆ ಹೊರಟಿತು. ಮೊದಲೊಮ್ಮೆ ಮಾಡಿಸಿದ್ದು ನೆಲ ಕಚ್ಚಿತ್ತು. ಡಾಕ್ಟರೂ ನಾನೂ ಕೂತು ಮಾಡಿದ ಆ ಆ್ಯಪನ್ನು ಮಕ್ಕಳು ಒಂದೇ ವಾರದಲ್ಲಿ ಫೋನಿನಿಂದ ತೆಗೆದುಹಾಕಿದ್ದರು. ಆದ್ದರಿಂದ ಈ ಸಲ ಬಳಸುವವರನ್ನೇ ಕೂರಿಸಿಕೊಂಡು ಮಾಡುವುದೆಂದು ತೀರ್ಮಾನವಾಯಿತು. ಮೂರು ತಾಲೂಕುಗಳಿಂದ ಹದಿನೆಂಟರಿಂದ ಇಪ್ಪತ್ತೈದರೊಳಗಿನ ಒಂಬತ್ತು ಮಂದಿಯನ್ನು ನಾನೇ ಆರಿಸಿದೆ. ಮಂಗಳೂರಿನಿಂದ ಪ್ರಜ್ವಲ್ ಎಂಬ ಸಾಫ್ಟ್‌ವೇರ್ ಹುಡುಗ ಬರುತ್ತಿದ್ದ. ತಿಂಗಳಿಗೆ ಎರಡು ಭಾನುವಾರ ಮೂಡುಬಿದಿರೆಯ ಒಂದು ಶಾಲೆಯ ಖಾಲಿ ತರಗತಿಯಲ್ಲಿ ಸೇರುತ್ತಿದ್ದೆವು. ಪ್ರಜ್ವಲ್ ಎಲ್ಲರಿಗೂ ಬಿಳಿ ಕಾರ್ಡು ಹಂಚಿ, ಫೋನಿನ ಪರದೆ ಹೇಗಿರಬೇಕೋ ಹಾಗೆ ಚಿತ್ರ ಬಿಡಿಸಲು ಹೇಳುತ್ತಿದ್ದ. ಮೊದಲ ದಿನ ಒಬ್ಬರೂ ಪೆನ್ನು ಮುಟ್ಟಲಿಲ್ಲ. ಎಲ್ಲರ ಕಣ್ಣು ನನ್ನ ಮೇಲೆ. ಸಿಸ್ಟರ್ ಏನು ಹೇಳುತ್ತಾರೋ ಅದನ್ನೇ ಬಿಡಿಸುವುದು ಎಂದು ಕಾದಿದ್ದರು.

ಆ ಮೌನ ಮುರಿದವನು ಯತೀಶ. ಬಂಟ್ವಾಳದಿಂದ ಸಿದ್ಧಕಟ್ಟೆ ಮೂಲಕ ಮೂಡುಬಿದಿರೆಗೆ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಆಗ ಅವನಿಗೆ ಇಪ್ಪತ್ತೊಂದು. ಹದಿಮೂರನೆಯ ವಯಸ್ಸಿನಲ್ಲಿ ಕಾಯಿಲೆ ಶುರುವಾದಾಗ ತಾಯಿ ಗಿರಿಜಕ್ಕ ಅವನನ್ನು ನನ್ನ ಬಳಿಗೆ ತಂದು ಕೂರಿಸಿದ್ದರು. ಮೊದಲ ಸೂಜಿ ಚುಚ್ಚಿಕೊಳ್ಳಲು ಅವನಿಗೆ ಕಲಿಸಿದವಳು ನಾನು. ತಂದೆ ಇಲ್ಲದ ಮನೆ. ಗಿರಿಜಕ್ಕ ಬೀಡಿ ಕಟ್ಟಿ ಸಂಸಾರ ದೂಡಿದವರು. ಅವನು ಕಂಡಕ್ಟರ್ ಕೆಲಸಕ್ಕೆ ಸೇರಿದ ದಿನ ಇಬ್ಬರೂ ನನಗೆ ಲಾಡು ತಂದುಕೊಟ್ಟು, ಅವನೊಂದು ಚೂರು ಬಾಯಿಗೆ ಹಾಕಿಕೊಂಡದ್ದಕ್ಕೆ ನಾನು ಬೈದದ್ದೂ ಆಗಿತ್ತು.

“ಸಿಸ್ಟರ್, ಒಂದು ಹೇಳ್ಲಾ?” ಎಂದ ಯತೀಶ. “ಈ ಗಂಟೆಗೆ ಸರಿಯಾಗಿ ಬೆಲ್ ಹೊಡೆಯುದು ಉಂಟಲ್ಲ, ಅದು ನಮಗೆ ಆಗುದಿಲ್ಲ. ಒಂದು ಗಂಟೆಗೆ ನಾನು ಫುಟ್‌ಬೋರ್ಡಲ್ಲಿ ನೇತಾಡ್ತಾ ‘ದುಂಬು ಪೋಲೆ, ಮುಂದೆ ಹೋಗಿ’ ಅಂತ ಬೊಬ್ಬೆ ಹೊಡೀತಾ ಇರ್ತೇನೆ. ನನಗೆ ಗಂಟೆ ಇಲ್ಲ, ಟ್ರಿಪ್ ಮಾತ್ರ. ಮೂಡುಬಿದಿರೆ ಸ್ಟ್ಯಾಂಡಿಗೆ ಬಂದು ಮುಟ್ಟಿದ್ಮೇಲೆ ಹನ್ನೆರಡು ನಿಮಿಷ ಉಂಟು. ಆಗ ಕೇಳ್ಲಿ.”

ಪ್ರಜ್ವಲ್ ಖುಷಿಯಿಂದ ಕುಣಿದ. ಗಂಟೆಯ ಬದಲು ಜಾಗ ನೋಡಿ ನೆನಪಿಸುವ ಉಪಾಯ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಅಲ್ಲಿಂದ ಮಾತಿನ ಕಟ್ಟೆ ಒಡೆಯಿತು. ಬಂಟ್ವಾಳದ ಅಫ್ರೀನಾ ಬಿ.ಕಾಂ. ಓದುವ ಹುಡುಗಿ. ಪಕ್ಕದಲ್ಲಿ ಕೂತವರಿಗೆ ಅದು ರೋಗದ ಆ್ಯಪ್ ಅಂತ ಗೊತ್ತಾಗಲೇಬಾರದು ಎಂದು ಹಟ ಹಿಡಿದು, ಅದಕ್ಕೊಂದು ಕ್ಯಾಲೆಂಡರಿನ ವೇಷ ತೊಡಿಸಿದಳು. ಬೆಳ್ತಂಗಡಿ ಕಡೆಯ ನೆರಿಯ ಎಂಬ ಊರಿನ ಹುಡುಗನೊಬ್ಬ, ನೆಟ್‌ವರ್ಕ್ ಇಲ್ಲದ ಕಡೆಯೂ ಅದು ನಡೆಯಬೇಕು, ಇಲ್ಲದಿದ್ದರೆ ತಾನು ಈಗಲೇ ಮನೆಗೆ ಹೋಗುತ್ತೇನೆ ಎಂದ. ಎಲ್ಲವನ್ನೂ ಒಪ್ಪಿದೆವು. ಆ ಭಾನುವಾರಗಳಷ್ಟು ಖುಷಿಯ ದಿನ ನನ್ನ ಸರ್ವೀಸಿನಲ್ಲಿ ಕಡಿಮೆ.

ನಾಲ್ಕನೆಯ ಸಭೆಯಲ್ಲಿ ಯತೀಶ ಒಂದು ಕಾರ್ಡು ತೋರಿಸಿದ. ಅದರಲ್ಲಿ ದೊಡ್ಡದೊಂದು ಗುಂಡಿ, ಅದರ ಮೇಲೆ ‘ಇವತ್ತು ಆಗಲಿಲ್ಲ’ ಎಂದು ಬರೆದಿದ್ದ.

“ಇದೆಂತ ಮಾರಾಯ?” ಎಂದೆ.

“ಸಿಸ್ಟರ್, ಕೆಲವು ದಿನ ಆಗುದಿಲ್ಲ. ಚುಚ್ಚಿಕೊಳ್ಲಿಕ್ಕೂ ಆಗುದಿಲ್ಲ, ನೋಡ್ಲಿಕ್ಕೂ ಆಗುದಿಲ್ಲ. ಆ ದಿನ ಇದನ್ನು ಒತ್ತುದು. ಬೆಲ್ ನಿಲ್ಲಬೇಕು. ಯಾಕೆ, ಏನು ಅಂತ ಕೇಳ್ಬಾರ್ದು. ಮೂರು ಸಲ ಸಾಲಾಗಿ ಒತ್ತಿದ್ರೆ ನಮ್ಮಲ್ಲೇ ಒಬ್ರು ಫೋನ್ ಮಾಡಿ ‘ಊಟ ಆಯ್ತಾ’ ಅಂತ ಕೇಳುದು. ಅಷ್ಟೇ.”

“ನಾನು ಮಾಡಿದ್ರೆ ಎಂತ ಆಗ್ತದೆ?”

“ನೀವು ಬೈತೀರಿ ಸಿಸ್ಟರ್.”

ಒಂಬತ್ತು ಮಂದಿಯೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆದರೆ ಎಲ್ಲೋ ಚುರುಕ್ ಎಂದಿತು. ಆಗಲೇ ಅವನು ಇನ್ನೊಂದು ಸಂಗತಿಯನ್ನೂ ಹೇಳಿದ. ಒಮ್ಮೆ ಸಿದ್ಧಕಟ್ಟೆಯ ಹತ್ತಿರ ಫುಟ್‌ಬೋರ್ಡಿನ ಮೇಲಿದ್ದಾಗ ಸಕ್ಕರೆ ಇಳಿದು ಕಣ್ಣು ಕತ್ತಲಾಗಿತ್ತಂತೆ. ಮುದುಕಿಯೊಬ್ಬಳು ಅಂಗಿ ಹಿಡಿದೆಳೆದು ಸೀಟಿಗೆ ಹಾಕಿ ಬಾಳೆಹಣ್ಣು ತಿನ್ನಿಸಿದ್ದಳು. ಬಸ್ಸಿನ ಧಣಿಗೆ ಸುದ್ದಿ ಮುಟ್ಟಿ, ಹುಷಾರಿಲ್ಲದವನು ಬಾಗಿಲಲ್ಲಿ ನಿಲ್ಲುವುದು ಬೇಡ, ಇನ್ನೊಮ್ಮೆ ಹೀಗಾದರೆ ಮನೆಯಲ್ಲೇ ಇರಲಿ ಎಂದಿದ್ದರು.

“ಅದಕ್ಕೆ ಡ್ಯೂಟಿ ಇದ್ದ ದಿನ ಸ್ವಲ್ಪ ಜಾಸ್ತಿಯೇ ಇಟ್ಕೊಳ್ತೇನೆ ಸಿಸ್ಟರ್. ಕಡಿಮೆ ಆದ್ರೆ ಬಸ್ಸಿಂದ ಕೆಳಗೆ ಬೀಳ್ತೇನೆ. ಜಾಸ್ತಿ ಆದ್ರೆ ಯಾರಿಗೂ ಗೊತ್ತಾಗುದಿಲ್ಲ.”

ಒಬ್ಬ ರೋಗಿ ತನ್ನ ಗುಟ್ಟನ್ನು ಇದಕ್ಕಿಂತ ಬಿಚ್ಚಿ ಹೇಳಲಾರ. ನಾನು ಮಾಡಿದ್ದೇನು? ಕಾಲು ಗಂಟೆ ಭಾಷಣ. ಜಾಸ್ತಿ ಇಟ್ಟುಕೊಂಡರೆ ಕಣ್ಣು ಹೋಗುತ್ತದೆ, ಕಿಡ್ನಿ ಹೋಗುತ್ತದೆ, ಕಾಲು ಕತ್ತರಿಸಬೇಕಾಗುತ್ತದೆ. ಅವನು ತಲೆ ತಗ್ಗಿಸಿ ಕೇಳಿದ. ನಾನು ಮುಗಿಸಿದ ಮೇಲೆ “ಆಯ್ತು ಸಿಸ್ಟರ್” ಎಂದ. ಫುಟ್‌ಬೋರ್ಡಿನ ಮೇಲೆ ಬೀಳದ ಹಾಗೆ ಡೋಸು ಹೊಂದಿಸುವುದು ಹೇಗೆಂದು ಅವನ ಜೊತೆ ಕೂತು ನೋಡುವುದು ನನ್ನ ಕೆಲಸವಾಗಿತ್ತು. ಅದನ್ನು ಮುಂದಿನ ಸಲ ಮಾಡುವ ಎಂದುಕೊಂಡೆ.

ಆ ಗುಂಡಿಯ ಬಗ್ಗೆ ನಮ್ಮ ಡಾಕ್ಟರಲ್ಲಿ ಮಾತಾಡಿದೆ. ತಪ್ಪಿಸಲು ನಾವೇ ದಾರಿ ತೋರಿಸಿದ ಹಾಗಾಗುತ್ತದಲ್ಲ ಎಂದವಳು ನಾನೇ, ಡಾಕ್ಟರಲ್ಲ. ಅವರು ಹೌದೆಂದರು. ಗುಂಡಿ ತೆಗೆದೆವು. ಅದರ ಬದಲು, ಮೀಟರಿನಲ್ಲಿ ಬಂದ ಸಂಖ್ಯೆಯನ್ನು ಹಾಕುವ ತನಕ ಹತ್ತು ಹತ್ತು ನಿಮಿಷಕ್ಕೆ ಬೆಲ್ ಹೊಡೆಯುತ್ತಲೇ ಇರಲಿ ಎಂದು ಪ್ರಜ್ವಲ್‌ಗೆ ಹೇಳಿದೆ. ಎಪ್ಪತ್ತರಿಂದ ನೂರ ಎಂಬತ್ತರ ಒಳಗಿನ ಸಂಖ್ಯೆಗೆ ಹಸಿರು ಚುಕ್ಕಿ, ಹೊರಗಿನದಕ್ಕೆ ಕೆಂಪು. ಕೊನೆಯ ಸಭೆಯಲ್ಲಿ ಇದನ್ನು ಹೇಳಿದಾಗ ಯಾರೂ ಎದುರಾಡಲಿಲ್ಲ. ನಮ್ಮ ಕಡೆಯ ಮಕ್ಕಳು ಹಿರಿಯರ ಮುಖಕ್ಕೆ ಹೊಡೆದ ಹಾಗೆ ಬೇಡ ಎನ್ನುವುದಿಲ್ಲ. ಯತೀಶ ತನ್ನ ಕಾರ್ಡನ್ನು ಮಡಚಿ ಕಿಸೆಗೆ ಹಾಕಿಕೊಂಡು, “ನೋಡುವ ಸಿಸ್ಟರ್” ಎಂದ. ಅಫ್ರೀನಾ ಚಾ ಕುಡಿಯುತ್ತಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ನಾನು ಇದೇ ಊರಿನಲ್ಲಿ ಹುಟ್ಟಿ ಬೆಳೆದವಳು. ಆ ‘ನೋಡುವ’ ಎಷ್ಟು ಒಪ್ಪಿಗೆ, ಎಷ್ಟು ಮರ್ಯಾದೆ ಎಂದು ನನಗೆ ತಿಳಿಯದ್ದಲ್ಲ. ಆದರೂ ವರದಿಯಲ್ಲಿ ‘ಯುವಜನರ ಒಪ್ಪಿಗೆ ಪಡೆದು’ ಎಂದು ಬರೆದೆ.

ಆ್ಯಪ್ ಶುರುವಾಯಿತು. ಒಬ್ಬರೂ ತೆಗೆದುಹಾಕಲಿಲ್ಲ. ಎಲ್ಲರ ಸಂಖ್ಯೆಗಳೂ ನನ್ನ ಫೋನಿನ ಒಂದೇ ಪುಟದಲ್ಲಿ ಕಾಣುತ್ತಿದ್ದವು. ಅದಕ್ಕೆ ಡ್ಯಾಶ್‌ಬೋರ್ಡ್ ಎನ್ನುತ್ತಾರೆ. ಬೆಳಿಗ್ಗೆ ಎದ್ದು ದೇವರ ದೀಪ ಹಚ್ಚಿದ ಕೂಡಲೇ ಅದನ್ನು ತೆರೆಯುವುದು ಅಭ್ಯಾಸವಾಯಿತು. ಮೊದಲ ತಿಂಗಳು ಅಲ್ಲಲ್ಲಿ ಕೆಂಪು. ಕೆಂಪು ಕಂಡ ಕೂಡಲೇ ಫೋನ್ ಮಾಡಿ ಬೈದೆ. ಎರಡನೆಯ ತಿಂಗಳು ಕೆಂಪು ಕಡಿಮೆಯಾಯಿತು. ಮೂರನೆಯ ತಿಂಗಳಿಗೆ ಯತೀಶನ ಸಾಲಿನಲ್ಲಿ ಒಂದೂ ಕೆಂಪಿಲ್ಲ. ನೂರ ಹದಿನೆಂಟು, ನೂರ ಇಪ್ಪತ್ತಾರು, ನೂರ ಇಪ್ಪತ್ತೆರಡು. ಟೈಪ್ ಒನ್ ಇರುವವರ ಸಕ್ಕರೆ ದಿನವೂ ಏರಿಳಿಯುತ್ತದೆ. ಎಷ್ಟೇ ಜಾಗ್ರತೆ ಮಾಡಿದರೂ ಇಷ್ಟು ಚಂದ ಸಾಲಾಗಿ ನಿಲ್ಲುವುದಿಲ್ಲ. ಇಷ್ಟು ವರ್ಷದ ಅನುಭವದಲ್ಲಿ ನಾನು ಹಾಗೆ ಕಂಡದ್ದೇ ಇಲ್ಲ. ಅನುಮಾನ ಬರಬೇಕಿತ್ತು. ನನಗೆ ಹೆಮ್ಮೆ ಬಂತು.

ಕ್ಲಿನಿಕ್ಕಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಚಾರ್ಟು ಹಸಿರಿದ್ದವರು ಪ್ರತಿ ತಿಂಗಳು ಬರಬೇಕಾಗಿಲ್ಲ, ಆರು ತಿಂಗಳಿಗೊಮ್ಮೆ ಬಂದರೆ ಸಾಕು ಎಂದು ನಾನೊಂದು ನಿಯಮ ಮಾಡಿದೆ. ಯತೀಶನಿಗೆ ನಾನೇ ಫೋನ್ ಮಾಡಿ, “ನೀನು ಬರುದು ಬೇಡ ಮಾರಾಯ, ಸುಮ್ಮನೆ ಡ್ಯೂಟಿ ಹಾಳು. ನಿನ್ನ ಚಾರ್ಟು ನೋಡಿ ಉಳಿದವರು ಕಲೀಬೇಕು” ಎಂದೆ. ಆಚೆಯಿಂದ ಬಸ್ಸಿನ ಹಾರ್ನು ಕೇಳುತ್ತಿತ್ತು. “ಆಯ್ತು ಸಿಸ್ಟರ್” ಎಂದ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಒಂದು ರಕ್ತಪರೀಕ್ಷೆ ಇದೆ. ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಅವನಿಗೆ ಅದರ ಸಮಯವಾಗಿತ್ತು. ಬರುವುದೇ ಬೇಡ ಎಂದ ಮೇಲೆ ಅದೂ ಮುಂದೆ ಹೋಯಿತು. ಮಂಗಳೂರಿನಲ್ಲಿ ನಡೆದ ನಮ್ಮ ವಾರ್ಷಿಕ ಸಭೆಯಲ್ಲಿ ಹೆಸರು ಮುಚ್ಚಿ ಅವನ ಚಾರ್ಟನ್ನು ಪರದೆಯ ಮೇಲೆ ತೋರಿಸಿದೆ. ಚಪ್ಪಾಳೆ ಬಿತ್ತು.

ಅದಾಗಿ ಒಂದು ತಿಂಗಳಿಗೆ, ಒಂದು ಭಾನುವಾರ ಬೆಳ್ತಂಗಡಿಯಲ್ಲಿ ನನ್ನ ಸೋದರತ್ತೆಯ ಮೊಮ್ಮಗಳ ನಿಶ್ಚಿತಾರ್ಥ. ಊಟ ಮುಗಿಸಿ ಕೈ ತೊಳೆದು ಬರುವಾಗ ಫೋನ್ ಬಂತು. ಗಂಟೆ ಮೂರಾಗಿತ್ತು. ಗಿರಿಜಕ್ಕ. ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಸಿಸ್ಟರ್, ಯತೀಶನಿಗೆ ಬೆಳಿಗ್ಗೆಯಿಂದ ವಾಂತಿ. ಹೊಟ್ಟೆನೋವು ಅಂತ ಮಡಚಿಕೊಂಡು ಮಲಗಿದ್ದಾನೆ. ಪಕ್ಕದ ಮನೆಯ ಹುಡುಗ ಅಟೋ ತಂದು ಅಂಗಳದಲ್ಲಿ ನಿಲ್ಲಿಸಿದ್ದಾನೆ. ಆಸ್ಪತ್ರೆಗೆ ಹೋಗುದಾ, ಎಂತ ಮಾಡುದು?”

“ಒಂದು ನಿಮಿಷ ಗಿರಿಜಕ್ಕ” ಎಂದು ಡ್ಯಾಶ್‌ಬೋರ್ಡ್ ತೆರೆದೆ. ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ನೂರ ಹದಿನೆಂಟು. ಮಧ್ಯಾಹ್ನ ಒಂದೂ ಐದಕ್ಕೆ ನೂರ ಇಪ್ಪತ್ತಾರು. ಹಸಿರು, ಹಸಿರು.

“ಸಕ್ಕರೆ ಸರಿ ಉಂಟು. ಇದು ಅದರದ್ದಲ್ಲ. ನಿನ್ನೆ ಎಲ್ಲಿಯಾದ್ರೂ ಊಟಕ್ಕೆ ಹೋಗಿದ್ನಾ?”

“ಹೌದು, ಅವರ ಬಸ್ಸಿನ ಡ್ರೈವರನ ತಂಗಿಯ ಮದುವೆ ಇತ್ತು.”

“ಹಾಗಾದ್ರೆ ಅದೇ, ಅಜೀರ್ಣ. ಗಂಜಿ ತಿಳಿಗೆ ಉಪ್ಪು ಹಾಕಿ ಸ್ವಲ್ಪ ಸ್ವಲ್ಪ ಕುಡಿಸಿ. ಮಲಗ್ಲಿ. ನಾಳೆ ಸೋಮವಾರ, ನಾನು ಬಂಟ್ವಾಳದಲ್ಲೇ ಇರ್ತೇನೆ, ಕರ್ಕೊಂಡು ಬನ್ನಿ.”

“ಹಾಗಾದ್ರೆ ಅಟೋದವನನ್ನು ಕಳಿಸ್ಲಾ?”

“ಕಳಿಸಿ.”

ಟೈಪ್ ಒನ್ ಇರುವವರಿಗೆ ವಾಂತಿ ಶುರುವಾದರೆ ಕಾರಣ ಹುಡುಕುತ್ತಾ ಕೂರಬೇಡಿ, ಮೊದಲು ಮೀಟರಿನಲ್ಲಿ ನೋಡಿ, ತಡಮಾಡದೆ ಆಸ್ಪತ್ರೆಗೆ ಬನ್ನಿ ಎಂದು ಕರಪತ್ರ ಬರೆದವಳು ನಾನು. ಮೂರು ಕ್ಲಿನಿಕ್ಕಿನ ಗೋಡೆಯ ಮೇಲೂ ಅದನ್ನು ಅಂಟಿಸಿದವಳು ನಾನು. ಗಿರಿಜಕ್ಕನ ಪಕ್ಕದಲ್ಲೇ ಮೀಟರ್ ಇತ್ತು. ಒಮ್ಮೆ ಬೆರಳು ಚುಚ್ಚಿ ನೋಡಿ ಎನ್ನಲು ನನಗೆ ಅರ್ಧ ನಿಮಿಷ ಬೇಕಿರಲಿಲ್ಲ. ಕೈಯಲ್ಲಿ ಹಸಿರು ಚಾರ್ಟಿತ್ತು, ಅದಕ್ಕೇ ಕೇಳಲಿಲ್ಲ. ಫೋನ್ ಚೀಲಕ್ಕೆ ಹಾಕಿ, ನಿಶ್ಚಿತಾರ್ಥದ ಹುಡುಗನ ಮನೆಯವರೊಡನೆ ಫೋಟೋಕ್ಕೆ ನಿಂತೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಪಕ್ಕದ ಮನೆಯ ಹುಡುಗ ಫೋನ್ ಮಾಡಿದ. ಯತೀಶ ಎಬ್ಬಿಸಿದರೆ ಏಳುತ್ತಿಲ್ಲ, ಏದುಸಿರು ಬಿಡುತ್ತಿದ್ದಾನೆ ಎಂದ. ನಾನು ಬಂಟ್ವಾಳ ತಲುಪುವಷ್ಟರಲ್ಲಿ ಆಂಬ್ಯುಲೆನ್ಸ್ ಮಂಗಳೂರಿಗೆ ಹೊರಟಾಗಿತ್ತು. ಹಿಂದೆಯೇ ಹೋದೆ. ಐಸಿಯು ಬಾಗಿಲಲ್ಲಿ ಡ್ಯೂಟಿ ಡಾಕ್ಟರು ಸಕ್ಕರೆ ಏಳುನೂರು ದಾಟಿದೆ ಎಂದರು. ಕೀಟೋಆಸಿಡೋಸಿಸ್, ಅಂದರೆ ಇನ್ಸುಲಿನ್ ಇಲ್ಲದೆ ದೇಹ ತನ್ನ ಕೊಬ್ಬನ್ನೇ ಸುಟ್ಟು ರಕ್ತವೆಲ್ಲ ಆಮ್ಲವಾಗುವುದು. “ನಿನ್ನೆ ಮಧ್ಯಾಹ್ನ ತಂದಿದ್ರೆ ಮಾತು ಬೇರೆ ಇತ್ತು” ಎಂದು ಅವರು ಸಹಜವಾಗಿ ಹೇಳಿದರು. ಅಟೋ ಕಳಿಸಿದವಳು ಎದುರೇ ನಿಂತಿದ್ದಾಳೆಂದು ಅವರಿಗೇನು ಗೊತ್ತು? ಮಂಗಳವಾರ ಹನ್ನೊಂದು ಗಂಟೆಗೆ ಯತೀಶ ತೀರಿಕೊಂಡ. ಅವನಿಗೆ ಇಪ್ಪತ್ತೆರಡು ತುಂಬಿ ಎರಡು ತಿಂಗಳಾಗಿತ್ತು.

ಉತ್ತರಕ್ರಿಯೆಯ ಮಾರನೆಯ ದಿನ ಅವರ ಮನೆಗೆ ಹೋದೆ. ಗಿರಿಜಕ್ಕ ಒಳಗಿನಿಂದ ಒಂದು ಜಿಪ್ಪಿನ ಚೀಲ ತಂದು ನನ್ನ ಮಡಿಲಲ್ಲಿಟ್ಟರು. ಅವನ ಮೀಟರ್. “ಬೇರೆ ಯಾವುದಾದ್ರೂ ಮಗುವಿಗೆ ಆಗ್ತದೆ ಸಿಸ್ಟರ್, ತಗೊಂಡು ಹೋಗಿ” ಎಂದರು. ಅದನ್ನು ಕೈಚೀಲಕ್ಕೆ ಹಾಕಿಕೊಂಡು, ಹೇಡಿಯ ಹಾಗೆ ತಲೆಯಾಡಿಸಿ ಹೊರಟುಬಂದೆ.

ಮೀಟರಿಗೆ ತನ್ನದೇ ನೆನಪಿನ ಶಕ್ತಿ ಇದೆ. ಗುಂಡಿ ಒತ್ತುತ್ತಾ ಹೋದರೆ ಹಿಂದಿನ ಅಳತೆಗಳೆಲ್ಲ ದಿನ, ಸಮಯದ ಜೊತೆ ಒಂದೊಂದಾಗಿ ಬರುತ್ತವೆ. ಕ್ಲಿನಿಕ್ಕಿನ ಕೋಣೆಯ ಬಾಗಿಲು ಹಾಕಿಕೊಂಡು, ಒಂದು ಕೈಯಲ್ಲಿ ಅದನ್ನೂ ಇನ್ನೊಂದು ಕೈಯಲ್ಲಿ ನನ್ನ ಫೋನನ್ನೂ ಹಿಡಿದು ಕೂತೆ. ಮೀಟರಿನ ಕೊನೆಯ ಅಳತೆ ಅವನು ಸಾಯುವುದಕ್ಕೆ ಒಂಬತ್ತು ದಿನ ಹಿಂದಿನದು, ಮುನ್ನೂರ ಎಂಬತ್ತಾರು. ಚಾರ್ಟಿನಲ್ಲಿ ಅದೇ ಹೊತ್ತಿಗೆ ನೂರ ಇಪ್ಪತ್ತೆರಡು. ಅದಕ್ಕೆ ಹಿಂದಿನದು ನಾನೂರ ಹನ್ನೆರಡು, ಚಾರ್ಟಿನಲ್ಲಿ ನೂರ ಮೂವತ್ತು. ಹಿಂದೆ ಹಿಂದೆ ಹೋದೆ. ಎಲ್ಲ ಹಾಗೆಯೇ. ಕೊನೆಯ ಒಂಬತ್ತು ದಿನ ಅವನು ಮೀಟರ್ ಮುಟ್ಟಿಯೇ ಇರಲಿಲ್ಲ. ಸಂಖ್ಯೆಗಳು ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತಿದ್ದವು. ಹೊಟ್ಟೆ ಹಿಡಿದುಕೊಂಡು ಮಲಗಿದ್ದ ಆ ಭಾನುವಾರವೂ ಬೆಲ್ ಹೊಡೆದಿತ್ತು, ಸಂಖ್ಯೆ ಹಾಕುವ ತನಕ ಬಿಡುವುದಿಲ್ಲವಲ್ಲ. ಅವನು ಕೈಗೆ ಬಂದ ಸಂಖ್ಯೆ ಹಾಕಿ ಅದರ ಬಾಯಿ ಮುಚ್ಚಿಸಿದ್ದ. ನಾನು ಅಲ್ಲೇ ಕೂತು ಅತ್ತೆ. ಹೊರಗೆ ಜನ ಬಾಗಿಲು ತಟ್ಟುತ್ತಿದ್ದರು.

ಸಂಸ್ಥೆಯಲ್ಲಿ ವಿಚಾರಣೆ ನಡೆಯಿತು. ರೋಗಿಯೇ ತಪ್ಪು ಮಾಹಿತಿ ನೀಡಿದ್ದರಿಂದ, ಲಭ್ಯವಿದ್ದ ಮಾಹಿತಿಯ ಮೇಲೆ ಸಿಬ್ಬಂದಿ ಕೊಟ್ಟ ಸಲಹೆಯಲ್ಲಿ ಲೋಪ ಕಾಣುವುದಿಲ್ಲ ಎಂದು ಬರೆದರು. ನನ್ನ ಮೇಲಿನ ಪ್ರೀತಿಯಿಂದಲೇ ಬರೆದರು. ಸಹಿ ಹಾಕಲು ಹೇಳಿದರು. ಹಾಕಿದೆ. ಸತ್ತವನ ತಲೆಗೆ ಕಟ್ಟಿ ನಾನು ಪಾರಾದೆ ಎಂದು ಪೆನ್ನು ಕೆಳಗಿಡುವಾಗಲೇ ಅನಿಸಿತು. ಆದರೆ ಹಾಕಿಯಾಗಿತ್ತು.

ಆ ತಿಂಗಳ ಕೊನೆಯ ಭಾನುವಾರ ಮೂಡುಬಿದಿರೆಯ ಅದೇ ತರಗತಿಗೆ ಉಳಿದ ಎಂಟು ಮಂದಿಯನ್ನು ಕರೆದೆ. ಬೈಯಲು ಹೋದದ್ದಲ್ಲ. ಆದರೂ ಬಾಯಿಗೆ ಬಂದದ್ದು ಅದೇ. “ಯಾಕೆ ಹೀಗೆ ಮಾಡಿದ ಅವ? ನನ್ನ ಹತ್ರ ಒಂದು ಮಾತು ಹೇಳ್ಬಹುದಿತ್ತಲ್ಲ?” ಎಂದೆ. ಅಫ್ರೀನಾ ಎದ್ದು ನಿಂತಳು.

“ಸಿಸ್ಟರ್, ನನ್ನದೂ ಸುಳ್ಳೇ.”

“ಎಂತದು?”

“ಚಾರ್ಟು. ನಾನೂ ಸುಮ್ಮನೆ ಹಾಕುದು. ಇವರೂ ಹಾಗೆಯೇ, ಕೇಳಿ.”

ಕೇಳಿದೆ. ಎಂಟರಲ್ಲಿ ಆರು ಮಂದಿ ಹೌದೆಂದರು. ಅಫ್ರೀನಾ ಮುಂದುವರಿಸಿದಳು. “ನೀವು ನಮಗೋಸ್ಕರ ಎಷ್ಟು ಓಡಾಡ್ತೀರಿ ಅಂತ ನಮಗೆ ಗೊತ್ತುಂಟು. ಕೆಂಪು ಕಂಡ್ರೆ ನಿಮಗೆ ಎಷ್ಟು ಬೇಜಾರಾಗ್ತದೆ ಅಂತಲೂ ಗೊತ್ತುಂಟು. ಯತೀಶಣ್ಣನೇ ಹೇಳಿದ್ದು, ಸಿಸ್ಟರಿಗೆ ಇನ್ನು ಸ್ವಲ್ಪ ಸಮಯ ಮಾತ್ರ ಸರ್ವೀಸ್ ಇರುದು, ಖುಷಿಯಲ್ಲಿ ಹೋಗ್ಲಿ ಅಂತ. ಅವರು ಆ ಗುಂಡಿ ಕೇಳಿದ್ದು ಅದಕ್ಕೇ ಸಿಸ್ಟರ್. ಸುಳ್ಳು ಹೇಳುದು ಬೇಡ ಅಂತ.”

ಆ ಮಾತು ಕೇಳಿ ನಾನು ಮಕ್ಕಳು ಕೂರುವ ಪುಟ್ಟ ಬೆಂಚಿನ ಮೇಲೆ ಕೂತೆ. ಒಂಬತ್ತು ಮಂದಿಯನ್ನು ಕರೆದು ಕೂರಿಸಿ, ಚಾ ಕೊಟ್ಟು, ಕಾರ್ಡು ಕೊಟ್ಟು, ಬೆಲ್ಲಿನ ಸದ್ದು ಹೇಗಿರಬೇಕು, ಪರದೆಯ ಬಣ್ಣ ಯಾವುದಿರಬೇಕು ಎಂದೆಲ್ಲ ಕೇಳಿದ್ದೆ. ಅವರು ನಿಜವಾಗಿ ಬೇಕೆಂದು ಕೇಳಿದ ಒಂದನ್ನು ಮಾತ್ರ ಕೊಡಲಿಲ್ಲ. ಅದು ನಡೆಯುವುದೇ ನನ್ನನ್ನು ಹೊರಗಿಟ್ಟು ಎಂಬುದು ನನಗೆ ಹಿಡಿಸಿರಲಿಲ್ಲ. ಶಿಸ್ತು, ಆರೋಗ್ಯ ಎಂದು ನಾನು ಹೇಳಿದ ಕಾರಣಗಳೆಲ್ಲ ಅದರ ಮೇಲೆ ಹೊದಿಸಿದ ಬಟ್ಟೆ.

ಗುಂಡಿ ಬಂತು. ಮೂರು ಸಲ ಒತ್ತಿದವರಿಗೆ ಫೋನ್ ಮಾಡುವ ಕೆಲಸವನ್ನು ಅಫ್ರೀನಾ ವಹಿಸಿಕೊಂಡಳು. ಎಡೆಬಿಡದೆ ಹೊಡೆಯುವ ಬೆಲ್ಲನ್ನು ಪ್ರಜ್ವಲ್ ತೆಗೆದುಹಾಕಿದ. ಹಸಿರು ಕೆಂಪು ಎರಡೂ ಹೋಗಿ ಬರೀ ಸಂಖ್ಯೆ ಉಳಿಯಿತು. ಮುಂದಿನ ಪರಿಶೀಲನಾ ಸಭೆಯಲ್ಲಿ ನಮ್ಮ ಫಲಿತಾಂಶ ಹಿಂದೆ ಬಿದ್ದಿದೆ ಎಂದು ಮೇಲಿನವರು ಹುಬ್ಬು ಗಂಟಿಕ್ಕಿದರು. ಇದೇ ಮೊದಲ ಸಲ ಅದು ನಿಜವಾದ ಫಲಿತಾಂಶ ಎಂದೆ. ಅವರಿಗೆ ಹಿಡಿಸಲಿಲ್ಲ. ನಾನೂ ಮುಲಾಜು ನೋಡಲಿಲ್ಲ.

ಇಷ್ಟಾದರೂ ಒಂದು ಕೆಲಸ ಉಳಿದಿತ್ತು. ಮಗನೇ ಸುಳ್ಳು ಹೇಳಿ ಜೀವ ಕಳಕೊಂಡ ಎಂದು ಗಿರಿಜಕ್ಕನ ಕಿವಿಗೆ ಯಾರೋ ಹಾಕಿದ್ದರು. ನಿವೃತ್ತಿಯಾಗುವ ವಾರದಲ್ಲಿ, ಒಂದು ಬೆಳಿಗ್ಗೆ ಹತ್ತು ಗಂಟೆಗೆ ಅವರ ಮನೆಗೆ ಹೋದೆ. ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಕೂತಿದ್ದರು. ಮಡಿಲಲ್ಲಿ ಗೆರಸೆ, ಅದರಲ್ಲಿ ಎಲೆ, ಹೊಗೆಸೊಪ್ಪಿನ ಹುಡಿ. ನಾನು ಮೆಟ್ಟಿಲ ಮೇಲೆ ಕೂತೆ.

“ಗಿರಿಜಕ್ಕ, ಆ ದಿನ ಅಟೋ ಕಳಿಸಿ ಅಂತ ಹೇಳಿದ್ದು ನಾನು. ಅದು ನನ್ನ ತಪ್ಪು. ಮೀಟರಿನಲ್ಲಿ ನೋಡಿ ಅಂತ ಹೇಳ್ಬೇಕಿತ್ತು, ಹೇಳ್ಲಿಲ್ಲ. ಅವನು ಸತ್ಯ ಹೇಳ್ಲಿಕ್ಕೆ ಒಂದು ದಾರಿ ಕೇಳಿದ್ದ, ಅದನ್ನೂ ಮುಚ್ಚಿದವಳು ನಾನೇ. ಅವನ ಮೇಲೆ ತಪ್ಪು ಹಾಕ್ಬೇಡಿ.”

ಗಿರಿಜಕ್ಕನ ಕೈ ನಿಂತಿತು. ಸಿಟ್ಟು ಬರಲಿ, ಎದ್ದು ಹೋಗು ಎನ್ನಲಿ ಎಂದು ಕಾದೆ. ಅವರು ತಣ್ಣಗೆ ಕೇಳಿದರು:

“ಅದಕ್ಕೆ ಮೊದಲು ನೀವು ಅವನನ್ನು ಕಣ್ಣಲ್ಲಿ ನೋಡಿ ಎಷ್ಟು ಸಮಯ ಆಗಿತ್ತು ಸಿಸ್ಟರ್?”

“ನಾಲ್ಕು ತಿಂಗಳು.”

“ತುಂಬ ಸಣ್ಣ ಆಗಿದ್ದ. ಪ್ಯಾಂಟು ನಿಲ್ತಿರ್ಲಿಲ್ಲ. ಬೆಲ್ಟ್ ಸಾಲುದಿಲ್ಲ ಅಂತ ಮೊಳೆ ಕಾಯಿಸಿ ಮೂರು ಹೊಸ ತೂತು ಮಾಡಿ ಕೊಟ್ಟವಳು ನಾನೇ. ಬಸ್ಸಲ್ಲಿ ನಿಂತು ನಿಂತು ಹೀಗಾದ ಅಂತ ಗ್ರಹಿಸಿದೆ. ದಿನಾ ನೋಡ್ತಿದ್ದ ನನಗೆ ಅದೆಂತ ಅಂತ ಗೊತ್ತಿರ್ಲಿಲ್ಲ ಸಿಸ್ಟರ್. ನಿಮಗೆ ಒಮ್ಮೆ ನೋಡಿದ್ರೆ ಸಾಕಿತ್ತು.”

ಗಿರಿಜಕ್ಕ ಸೆರಗಿನಿಂದ ಕಣ್ಣೊರಸಿಕೊಂಡು ಮತ್ತೆ ಎಲೆ ಕೈಗೆತ್ತಿಕೊಂಡರು. ಮೂವತ್ತೊಂದು ವರ್ಷದ ಈ ಕೆಲಸ ನನಗೆ ಕಲಿಸಿದ ಪಾಠವೇನೆಂದು ಈಗಿನ ನರ್ಸ್ ಹುಡುಗಿಯರು ಕೇಳುತ್ತಾರೆ. ಕಲಿಸಿದವರು ಗಿರಿಜಕ್ಕ, ನನ್ನ ಕೆಲಸವಲ್ಲ. ಹೋಗಿ ಕಣ್ಣಾರೆ ನೋಡಿ, ಮಕ್ಕಳು ಸುಳ್ಳು ಹೇಳಬೇಕಾಗದ ಹಾಗೆ ಕೂತು ಕೇಳಿ ಎಂದು ಆ ಹುಡುಗಿಯರಿಗೆ ಹೇಳುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ನೋಡಿದ್ದರೆ ಯತೀಶ ಇವತ್ತು ಇರುತ್ತಿದ್ದ ಎಂಬುದನ್ನು ಮಾತ್ರ ನಾನು ಅವರ ಎದುರು ಹೇಳುವುದಿಲ್ಲ.